ಚಕ್ರಕ್ಕೆ ಎಣ್ಣೆ ಹಚ್ಚಿದ ಲಾರೆನ್ಸ್

ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಲಾರೆನ್ಸ್ ಅವರಿಗೆ ಒಂದು ಚಾಳಿ ಇತ್ತು. ಕಿರ್ರೆನ್ನುವುದು ಏನು ಕಂಡರೂ ಅದಕ್ಕೆ ಎಣ್ಣೆ ಬಿಡುವುದು. ಬೇರೆಯವರ ಅಂಗಿ ಜೇಬಿನಲ್ಲಿ ಪೆನ್ನು ಇದ್ದರೆ ಇವರ ಜೇಬಿನಲ್ಲಿ ಉದ್ದ ಮೂತಿಯ ಪುಟ್ಟ ಎಣ್ಣೆ ಡಬ್ಬಿ ಇರುತ್ತಿತ್ತು. ಒಂದು ದಿನ ನಾನು ಕೇಳದೆಯೇ ನಮ್ಮ ಗೇಟಿಗೂ ಎಣ್ಣೆ ಬಿಟ್ಟು ಹೋದರು. ಮೊದಲು ಗೇಟು ಕಿರುಗುಟ್ಟಿದರೆ ಪಾಠಕ್ಕೆ ಮಕ್ಕಳು ಬಂದರು ಅಂತ ನನಗೆ ಒಳಗೇ ಗೊತ್ತಾಗುತ್ತಿತ್ತು. ಆಮೇಲೆ ಆ ಕಳ್ಳರು ಸದ್ದಿಲ್ಲದೆ ಬಂದು, ಸೋಫಾದ ಮೇಲೆ ಕೂತು, ಹತ್ತು ನಿಮಿಷ ಫೋನ್ ನೋಡಿಕೊಂಡಿದ್ದು, ನಂತರ ನನ್ನನ್ನು ಕರೆಯುತ್ತಿದ್ದರು. ನಾನು ಜಗಳಕ್ಕೆ ಹೋದೆ.

"ಗೇಟು ಅಳ್ತಾ ಇತ್ತಲ್ಲ ಟೀಚರ್, ನನಗೆ ಕೇಳ್ಲಿಕ್ಕೆ ಆಗ್ಲಿಲ್ಲ" ಅಂದರು ಲಾರೆನ್ಸ್. ಅಂಥವರ ಜೊತೆ ಏನಂತ ಜಗಳ ಆಡುವುದು?

ನಾನು ವತ್ಸಲಾ, ಮೈಸೂರಿನವಳು. ನನ್ನ ಗಂಡ ತ್ರಿವಿಕ್ರಮ ಬ್ಯಾಂಕಿನ ಕೆಲಸದ ಮೇಲೆ ಮೂರು ವರ್ಷಕ್ಕೆ ಅಂತ ನೈರೋಬಿಗೆ ಬಂದವರು, ಹನ್ನೊಂದು ವರ್ಷವಾದರೂ ಇಲ್ಲೇ ಇದ್ದರು. ನಾನು ಮನೆಯಲ್ಲಿ ಪಿಟೀಲು ಹೇಳಿಕೊಡುತ್ತಿದ್ದೆ. ನನಗೆ ಸಿಟ್ಟು ಸ್ವಲ್ಪ ಜಾಸ್ತಿ, ಶ್ರುತಿ ತಪ್ಪಿದರೆ ಇನ್ನೂ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಕಥೆಯಲ್ಲಿ ನಾನು ಒಬ್ಬ ಒಳ್ಳೆಯ ಮನುಷ್ಯನಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೇನೆ.

ಲಾರೆನ್ಸ್ ಬಂಟ್ವಾಳದ ಕಡೆಯವರು. ಮಂಗಳೂರಿನಲ್ಲಿ ಐಟಿಐ ಮುಗಿಸಿ, ಹಂಚಿನ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಮೈಯೆಲ್ಲ ಕೆಂಪು ಮಾಡಿಕೊಂಡು, ೧೯೮೩ರಲ್ಲಿ ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಸೋಪಿನ ಫ್ಯಾಕ್ಟರಿಗೆ ಫಿಟ್ಟರ್ ಆಗಿ ಬಂದರು. ಬಂದ ದಿನವೇ ಒಂದು ದೊಡ್ಡ ಪಂಪು ಕೆಟ್ಟು ನಿಂತಿತ್ತಂತೆ. ಮ್ಯಾನೇಜರು, "ಏನು ಟೂಲ್ಸ್ ಬೇಕು?" ಅಂತ ಕೇಳಿದರೆ ಇವರು ಒಂದು ಉದ್ದನೆಯ ಸ್ಕ್ರೂಡ್ರೈವರ್ ಸಾಕು ಅಂದರು. ಪಂಪನ್ನು ಒಮ್ಮೆ ಓಡಿಸಲು ಹೇಳಿ, ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ತಮ್ಮ ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿ ನಿಂತರು. ಆಮೇಲೆ ಒಳಗಿನ ಯಾವ ಬೇರಿಂಗ್ ಹೋಗಿದೆ ಅಂತ ಬೆರಳಿಟ್ಟು ತೋರಿಸಿದರು. ಬಿಚ್ಚಿ ನೋಡಿದರೆ ಅದೇ. ಅಂದಿನಿಂದ ಮೂವತ್ತೊಂದು ವರ್ಷ ಅದೇ ಫ್ಯಾಕ್ಟರಿ. ಫಿಟ್ಟರ್ ಆಗಿದ್ದವರು ಮೆಂಟೆನೆನ್ಸ್ ಮ್ಯಾನೇಜರ್ ಆದರು, ಆದರೂ ಎಣ್ಣೆ ಡಬ್ಬಿ ಕೈಬಿಡಲಿಲ್ಲ. ಕೆಲಸಗಾರರು ಅವರನ್ನು ಬ್ವಾನಾ ಮಫುತಾ ಅನ್ನುತ್ತಿದ್ದರು. ಎಣ್ಣೆ ಸಾಹೇಬರು ಅಂತ ಅರ್ಥ. ಅವರಿಗೆ ಅದು ಹೆಮ್ಮೆಯೇ.

ಅವರ ಹೆಂಡತಿ ಹೆಲನ್ ಹರ್ಲಿಂಗ್‌ಹ್ಯಾಮಿನ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಮಾತು ಕಡಿಮೆ, ನಗು ಜಾಸ್ತಿ. "ನಮ್ಮ ಮದುವೆಯ ದಿನ ಚರ್ಚಿನ ಬಾಗಿಲು ಕಿರ್ರ್ ಅಂತು, ಇವರು ಉಂಗುರ ಹಾಕುದು ಬಿಟ್ಟು ತಿರುಗಿ ನೋಡಿದ್ರು" ಅಂತ ಅವರೇ ನನಗೆ ಹೇಳಿದ್ದು.

೨೦೧೪ರ ಜುಲೈ ತಿಂಗಳ ಒಂದು ಸೋಮವಾರ ಸಂಜೆ ಲಾರೆನ್ಸ್ ಕಾಂಪೌಂಡಿನ ಆಚೆಯಿಂದ ನನ್ನನ್ನು ಕೂಗಿದರು. "ಟೀಚರ್, ನಿಮ್ಮ ಪಿಟೀಲಿನ ಸಂಬಂಧಿಕ ಒಬ್ಬ ಬಂದಿದ್ದಾನೆ, ಬನ್ನಿ ನೋಡ್ಲಿಕ್ಕೆ."

ಅವರ ಶೆಡ್ಡಿನ ಮೇಜಿನ ಮೇಲೆ ಒಂದು ವಿಚಿತ್ರ ವಾದ್ಯ ಮಲಗಿತ್ತು. ಹೊಟ್ಟೆ ಉಬ್ಬಿದ ಮರದ ಪೆಟ್ಟಿಗೆ, ಮೇಲೆ ತಂತಿಗಳು. ಒಂದು ಬದಿಯಲ್ಲಿ ಬೆರಳಿನಿಂದ ಒತ್ತುವ, ಹಾರ್ಮೋನಿಯಂನವಕ್ಕಿಂತ ಚಿಕ್ಕದಾದ ಮರದ ಮನೆಗಳು. ಹಿಂದಿನ ತುದಿಯಲ್ಲಿ, ನಂಬಿದರೆ ನಂಬಿ, ತಿರುಗಿಸುವ ಹಿಡಿ! ಹಿಡಿ ತಿರುಗಿಸಿದರೆ ಪೆಟ್ಟಿಗೆಯ ಮಧ್ಯದಲ್ಲಿ ಒಂದು ಮರದ ಚಕ್ರ ಸುತ್ತುತ್ತದೆ, ಅದರ ಅಂಚು ತಂತಿಗಳಿಗೆ ಉಜ್ಜುತ್ತದೆ. ನಮ್ಮ ಪಿಟೀಲಿನ ಕಮಾನು ಹೋಗಿ ಬಂದು ಮಾಡುವ ಕೆಲಸವನ್ನು ಈ ಚಕ್ರ ನಿಲ್ಲದೆ ಮಾಡುತ್ತದೆ. ಎರಡು ತಂತಿ ಹಾಡುವುದಕ್ಕೆ, ಉಳಿದವು ಒಂದೇ ಸ್ವರ ಹಿಡಿದು ಶ್ರುತಿ ಕೊಡುವುದಕ್ಕೆ. ಇಂಗ್ಲಿಷಿನಲ್ಲಿ ಹರ್ಡಿ-ಗರ್ಡಿ ಅನ್ನುತ್ತಾರಂತೆ, ಫ್ರಾನ್ಸಿನವರು ವಿಯೆಲ್ ಅನ್ನುತ್ತಾರಂತೆ. ನಾನು ಮೊದಲ ಸಲ ನೋಡಿದ್ದು. ಆದರೆ ಹುಳ ತಿಂದು, ಮನೆಗಳು ಸಿಕ್ಕಿಕೊಂಡು, ತಂತಿ ಹರಿದು, ಪಾಪ, ಅದರ ಅವಸ್ಥೆ ನೋಡುವ ಹಾಗಿರಲಿಲ್ಲ.

ಅದು ಅವರ ಚರ್ಚಿನ ಫಾದರ್ ಫೆಲಿಕ್ಸ್ ಅವರದು. ಫಾದರ್ ಫ್ರಾನ್ಸಿನ ಒಂದು ರೈತರ ಮನೆಯವರು. ೧೯೭೧ರಲ್ಲಿ ಹಡಗಿನಲ್ಲಿ ಮೊಂಬಾಸಕ್ಕೆ ಬಂದಿಳಿದಾಗ ಅವರ ಟ್ರಂಕಿನಲ್ಲಿ ತಾತನ ಈ ವಾದ್ಯ ಇತ್ತು. ಮೊದಲ ಹಬ್ಬಕ್ಕೇ ಜನರ ಮುಂದೆ ಬಾರಿಸಬೇಕು ಅಂತ ಆಸೆ. ಆಗಿನ ಹಿರಿಯ ಪಾದ್ರಿಗಳು, "ಅದು ಭಿಕ್ಷುಕರ ವಾದ್ಯ, ಕುಡುಕರು ಕುಣಿಯುವ ವಾದ್ಯ, ಚರ್ಚಿನ ಅಂಗಳಕ್ಕೆ ಬೇಡ" ಅಂದರು. ಇಪ್ಪತ್ತು ಚಿಲ್ಲರೆ ವರ್ಷದ ಹುಡುಗನಿಗೆ ಅವಮಾನವಾಯಿತು. ಟ್ರಂಕಿನೊಳಗೆ ಇಟ್ಟಿದ್ದು ಅಲ್ಲೇ ಉಳಿಯಿತು. ಈಗ ವಯಸ್ಸು ಎಪ್ಪತ್ತರ ಹತ್ತಿರ. ಹಿಂದಿನ ವರ್ಷ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು. ಅವರನ್ನು ಕಳಿಸಿದ್ದ ಪಾದ್ರಿಗಳ ಸಂಸ್ಥೆಯವರು ಫ್ರಾನ್ಸಿಗೆ ವಾಪಸು ಬಾ ಅಂತ ಕರೆದಿದ್ದರು. ಮುಂದಿನ ಬುಧವಾರ ವಿಮಾನ. ಅದಕ್ಕೆ ಮೊದಲು ಭಾನುವಾರ ಬೀಳ್ಕೊಡುಗೆಯ ಪೂಜೆ, ಊಟ.

"ನಲ್ವತ್ತಮೂರು ವರ್ಷ ಇಲ್ಲಿನ ಜನರ ಮದುವೆಯಲ್ಲಿ, ಸಾವಿನಲ್ಲಿ ಇದ್ದೇನೆ, ಒಂದೇ ಒಂದು ಸಲ ಇವರಿಗೆ ನನ್ನ ಊರಿನ ಸದ್ದು ಕೇಳಿಸಿ ಹೋಗ್ತೇನೆ, ರಿಪೇರಿ ಮಾಡಿಕೊಡು ಅಂದ್ರು ಫಾದರ್" ಅಂದರು ಲಾರೆನ್ಸ್. "ಆಗ್ತದೆ ಅಂತ ಹೇಳಿ ಬಂದೆ. ಐದು ದಿನ ಉಂಟು."

ವಾದ್ಯದ ಚರಿತ್ರೆಯನ್ನೂ ಫಾದರ್ ಹೇಳಿ ಕಳಿಸಿದ್ದರು. ಲಾರೆನ್ಸ್ ಅದನ್ನು ನನಗೆ ಒಬ್ಬ ನೌಕರನ ಸರ್ವಿಸ್ ರಿಜಿಸ್ಟರ್ ಓದಿದ ಹಾಗೆ ಹೇಳಿದರು. "ಸಾವಿರ ವರ್ಷದ ಹತ್ತಿರ ಸರ್ವಿಸ್ ಇದಕ್ಕೆ. ಫಸ್ಟ್ ಪೋಸ್ಟಿಂಗ್ ದೊಡ್ಡ ಚರ್ಚು, ಮಠಗಳಲ್ಲಿ. ಅಲ್ಲಿಗೆ ಪೈಪ್ ಆರ್ಗನ್ ಬಂತು, ಇದನ್ನು ತೆಗೆದುಹಾಕಿದ್ರು. ಆಮೇಲೆ ಬೀದಿ. ಕುರುಡರು, ಭಿಕ್ಷುಕರು ಹಿಡ್ಕೊಂಡು ತಿರುಗಿದ್ರು. ಅಷ್ಟರಲ್ಲಿ ಫ್ರಾನ್ಸಿನ ಅರಮನೆಯ ಹೆಂಗಸರಿಗೆ ಹಳ್ಳಿಯವರ ಹಾಗೆ ಆಟ ಆಡುವ ಶೋಕಿ ಬಂತು, ಇದಕ್ಕೆ ದಂತದ ಅಲಂಕಾರ ಮಾಡಿಸಿ ತೊಡೆ ಮೇಲೆ ಕೂರಿಸಿಕೊಂಡ್ರು. ದೊಡ್ಡ ಪ್ರಮೋಷನ್! ರಾಜನ ತಲೆ ಹೋಯ್ತು, ಇದರ ಪ್ರಮೋಷನ್ನೂ ಹೋಯ್ತು. ಪುನಃ ಹಳ್ಳಿಗೆ, ಮದುವೆ ಕುಣಿತಕ್ಕೆ. ಅಲ್ಲಿಂದ ಫಾದರ್ ತಾತನ ಕೈಗೆ, ಅಲ್ಲಿಂದ ಸೌತ್ ಸಿಗೆ." ಅಷ್ಟು ಹೇಳಿ ಪೆಟ್ಟಿಗೆಯ ಬೆನ್ನು ತಟ್ಟಿದರು.

ಆ ವಾರ ನನ್ನ ಪಾಠದ ಮಕ್ಕಳಿಗೆ ಪಿಟೀಲಿನ ಪರೀಕ್ಷೆಗಳಿದ್ದವು, ನಾನು ಆ ಕಡೆ ತಲೆ ಹಾಕಲಿಲ್ಲ. ಹೋಗಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಲಾರೆನ್ಸ್ ರಜೆ ಹಾಕಿ ಕೂತಿದ್ದರು. ಹುಳ ತಿಂದಲ್ಲಿ ಮರ ಕೂರಿಸಿದರು. ಮನೆಗಳನ್ನು ಒಂದೊಂದಾಗಿ ಬಿಚ್ಚಿ ತೀಡಿದರು. ಟೆನಿಸ್ ರಾಕೆಟ್ಟಿಗೆ ಕಟ್ಟುವ ಗಟ್ ದಾರವನ್ನು ಎಲ್ಲಿಂದಲೋ ಹುಡುಕಿ ತಂದು ತಂತಿ ಕಟ್ಟಿದರು. ಬುಧವಾರ ಗೋಡೆಯ ಮೇಲಿಂದ ಹೆಬ್ಬೆರಳು ಎತ್ತಿ ತೋರಿಸಿದರು. ಗುರುವಾರವೂ ತೋರಿಸಿದರು.

ಶುಕ್ರವಾರ ಮಧ್ಯಾಹ್ನ ಹೆಬ್ಬೆರಳು ಇರಲಿಲ್ಲ. "ಟೀಚರ್, ಒಮ್ಮೆ ಬನ್ನಿ. ಎಲ್ಲ ಸರಿಯಾಗಿದೆ. ಆದರೆ ಮಾತಾಡುದಿಲ್ಲ."

ಹೋಗಿ ನೋಡಿದೆ. ವಾದ್ಯ ಹೊಸ ಮದುಮಗಳಂತೆ ಹೊಳೆಯುತ್ತಿತ್ತು. ಲಾರೆನ್ಸ್ ಹಿಡಿ ತಿರುಗಿಸಿದರು. ಚಕ್ರ ಬೆಣ್ಣೆಯಲ್ಲಿ ಸುತ್ತಿದ ಹಾಗೆ ಸುತ್ತಿತು, ತಂತಿಗಳು ತುಟಿಪಿಟಿಕ್ಕೆನ್ನಲಿಲ್ಲ. ನಾನು ಚಕ್ರದ ಅಂಚಿಗೆ ಬೆರಳಿಟ್ಟೆ. ಬೆರಳು ಜಾರಿತು.

"ಇದಕ್ಕೆ ಏನ್ ಹಚ್ಚಿದೀರಿ?"

"ಒಂಚೂರು ಮಿಷನ್ ಎಣ್ಣೆ."

"ಒಂಚೂರು ಅಂದ್ರೆ?"

"ದಿನಕ್ಕೆ ಎರಡು ಸಲ. ಮಂಗಳವಾರದಿಂದ. ಮೊದಲು ತಿರುಗಿಸುವಾಗ ಬಹಳ ಕಿರುಚ್ತಾ ಇತ್ತು ಟೀಚರ್."

ನನ್ನ ಸಿಟ್ಟು ನೆತ್ತಿಗೇರಿತು. "ಅಯ್ಯೋ, ನಿಮ್ ಎಣ್ಣೆ ಡಬ್ಬಿಗಿಷ್ಟು ಬೆಂಕಿ ಹಾಕ! ಕಮಾನಿಗೆ ಯಾರಾದ್ರೂ ಎಣ್ಣೆ ಹಚ್ತಾರೇನ್ರೀ? ರಾಳ ಹಚ್ಚಬೇಕು, ರಾಳ! ಅದು ತಂತೀನ ಹಿಡ್ಕೊಂಡು ಉಜ್ಜಿದ್ರೆ ತಾನೇ ದನಿ ಬರೋದು! ಆ ಕಿರುಚಾಟವೇ ಕಣ್ರೀ ಸಂಗೀತ! ಮೂರು ದಿನ ಆ ಬಡಪಾಯಿ ಬಾಯಿಗೆ ಎಣ್ಣೆ ಸುರಿದು ಬಾಯಿ ಮುಚ್ಚಿಸಿದೀರಲ್ಲ, ನಾಡಿದ್ದು ಫಾದರ್‌ಗೆ ಏನು ಕೇಳಿಸ್ತೀರಿ?"

ಲಾರೆನ್ಸ್ ಸ್ಟೂಲಿನ ಮೇಲೆ ಕುಸಿದು ಕೂತರು. ಅವರ ದೊಡ್ಡ ಮುಖ ಮಗುವಿನ ಮುಖದಷ್ಟು ಸಣ್ಣದಾಯಿತು. "ರಾಳ ನಾವು ಬೆಲ್ಟಿಗೆ ಹಾಕ್ತೇವೆ, ಜಾರಬಾರದು ಅಂತ. ನನಗೆ ಹೊಳೀಲೇ ಇಲ್ಲ ನೋಡಿ. ಸದ್ದು ನಿಲ್ಲಿಸುದೇ ಮೂವತ್ತೊಂದು ವರ್ಷದ ಕೆಲಸ, ಕೈ ತಾನಾಗಿ ಹೋಯ್ತು" ಅಂದರು. ನನಗೆ ನಾಚಿಕೆಯಾಯಿತು. ಮೊದಲ ದಿನವೇ ಒಂದು ಮಾತು ಹೇಳಬೇಕಿದ್ದವಳು ನಾನು, ಈಗ ಬೈಯುವುದಕ್ಕೆ ಮಾತ್ರ ಬಂದಿದ್ದೆ.

ಅಷ್ಟರಲ್ಲಿ ಹೆಲನ್ ಕ್ಲಿನಿಕ್ಕಿನಿಂದ ಬಂದರು. ನರ್ಸಿನ ಬಟ್ಟೆಯಲ್ಲೇ ಶೆಡ್ಡಿಗೆ ಬಂದು, ನಮ್ಮಿಬ್ಬರ ಮುಖ ನೋಡಿ, ಚಕ್ರವನ್ನು ಮೂಸಿ ನೋಡಿದರು. "ಎಣ್ಣೆ ಕುಡಿದಿದೆ, ಅಷ್ಟೆ ಅಲ್ಲವಾ? ತೆಗೆದರಾಯ್ತು" ಅಂದು ಒಳಗಿನಿಂದ ಸ್ಪಿರಿಟ್ ಬಾಟ್ಲಿ, ಹತ್ತಿಯ ಸುರುಳಿ, ಮಕ್ಕಳ ಪೌಡರಿನ ಡಬ್ಬಿ ತಂದರು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನಾವು ಮೂವರೂ ಸರದಿಯ ಮೇಲೆ ಒರೆಸಿದೆವು. ಹತ್ತಿ ಹಳದಿಯಾಗಿ ಬರುತ್ತಲೇ ಇತ್ತು. ಒರೆಸಿ, ಪೌಡರ್ ಮೆತ್ತಿ, ಬಿಸಿಲಿಗಿಟ್ಟು, ಎಣ್ಣೆ ಮೇಲೆದ್ದ ಮೇಲೆ ಮತ್ತೆ ಒರೆಸಿದೆವು. ಜುಲೈ ತಿಂಗಳ ನೈರೋಬಿಯಲ್ಲಿ ಬಿಸಿಲು ಅಂದರೆ ಸರ್ಕಾರಿ ಆಫೀಸಿನ ಗುಮಾಸ್ತನ ಹಾಗೆ, ಬಂದಾಗ ಬಂತು. ಬಾರದಾಗ ಹೆಲನ್ ತಮ್ಮ ಹೇರ್ ಡ್ರೈಯರ್ ಹಿಡಿದರು.

ಶನಿವಾರ ಬೆಳಿಗ್ಗೆ ಲಾರೆನ್ಸ್ ಚಕ್ರದ ಅಂಚಿಗೆ ನುಣುಪು ಉಪ್ಪುಕಾಗದ ಹಿಡಿದು, ಹಿಡಿ ತಿರುಗಿಸಿ, ಮೇಲಿನ ಪದರವನ್ನು ಕೂದಲಷ್ಟು ತೆಗೆದರು. ನಾನು ಕಮಾನಿಗೆ ಹಚ್ಚುವ ರಾಳದ ಗಟ್ಟಿಯನ್ನು ಚಕ್ರಕ್ಕೆ ಉಜ್ಜಿದೆ. ತಂತಿ ಚಕ್ರವನ್ನು ಮುಟ್ಟುವ ಜಾಗದಲ್ಲಿ ಹತ್ತಿಯ ಎಳೆ ಸುತ್ತಬೇಕು, ಇಲ್ಲದಿದ್ದರೆ ದನಿ ಒರಟಾಗುತ್ತದೆ ಅಂತ ಫಾದರ್ ಹೇಳಿ ಕಳಿಸಿದ್ದರು. ಕ್ಲಿನಿಕ್ಕಿನ ಹತ್ತಿಯನ್ನೇ ಹೆಲನ್ ಗಾಯಕ್ಕೆ ಸುತ್ತುವಷ್ಟು ನಾಜೂಕಾಗಿ ಸುತ್ತಿದರು. ಲಾರೆನ್ಸ್ ಶಿಲುಬೆಯ ಗುರುತು ಮಾಡಿಕೊಂಡು ಹಿಡಿ ತಿರುಗಿಸಿದರು.

ಎರಡು ಬೆಕ್ಕುಗಳು ಒಂದೇ ಮೀನಿಗೆ ಜಗಳಾಡಿದಂಥ ಸದ್ದು ಎದ್ದಿತು. ಬಡಾವಣೆಯ ಅಸ್ಕಾರಿ, ಅಂದರೆ ಕಾವಲುಗಾರ, ಲಾಠಿ ಹಿಡಿದು ಓಡಿ ಬಂದ. ನಾವು ಮೂವರೂ ಚಪ್ಪಾಳೆ ತಟ್ಟಿದ್ದು ನೋಡಿ ಗಾಬರಿಯಿಂದ ಹಿಂದಕ್ಕೆ ಹೋದ. ಆಮೇಲೆ ನಾನು ಒಂದೊಂದೇ ತಂತಿಯನ್ನು ಷಡ್ಜ, ಪಂಚಮಕ್ಕೆ ಕೂರಿಸಿದೆ. ಹನ್ನೆರಡು ಗಂಟೆಯ ಹೊತ್ತಿಗೆ ಆ ತಗಡಿನ ಶೆಡ್ಡು ತುಂಬ ಶ್ರುತಿ ನಿಂತಿತು. ನನಗೆ ಮೈ ಜುಮ್ಮೆಂದಿತು. ಲಾರೆನ್ಸ್ ಸ್ಕ್ರೂಡ್ರೈವರ್ ತೆಗೆದು ಪೆಟ್ಟಿಗೆಗೆ ಒತ್ತಿ ಕಿವಿಗಿಟ್ಟುಕೊಂಡು, "ಒಳಗೆ ಆರೋಗ್ಯವಾಗಿದ್ದಾನೆ" ಅಂದರು.

ನಾಲ್ಕು ಗಂಟೆಗೆ ಫಾದರ್ ಫೆಲಿಕ್ಸ್ ಬಂದರು. ಉದ್ದನೆಯ ಮನುಷ್ಯ, ಪಾರ್ಶ್ವವಾಯು ಆದಮೇಲೆ ನಗು ಅರ್ಧ ಮುಖಕ್ಕೆ ಮಾತ್ರ ಬರುತ್ತಿತ್ತು. ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯನ್ನು ಮನೆಗಳ ಮೇಲಿಟ್ಟರು. ತಿರುಗಿಸುವ ಹಿಡಿ ಬಲಗಡೆ. ಅವರ ಬಲಗೈ ಕುರ್ಚಿಯ ಪಕ್ಕದಲ್ಲಿ ನೇತಾಡುತ್ತಿತ್ತು. ನಾನು ನಾಲಿಗೆ ಕಚ್ಚಿಕೊಂಡೆ. ವಾದ್ಯದ ಗಡಿಬಿಡಿಯಲ್ಲಿ ನಾನು ಅವರ ಕೈಯನ್ನೇ ಮರೆತಿದ್ದೆ.

ಲಾರೆನ್ಸ್ ಮರೆತಿರಲಿಲ್ಲ. ಮೇಜಿನ ಕೆಳಗಿನಿಂದ ಕಾರಿನ ವೈಪರ್ ಮೋಟಾರು ಒಂದನ್ನು ತೆಗೆದು ಹಿಡಿಗೆ ಜೋಡಿಸಿ, ಬ್ಯಾಟರಿಗೆ ತಂತಿ ಕೊಟ್ಟರು. ಚಕ್ರ ತಾನೇ ತಿರುಗಿತು. ಫಾದರ್ ಎಡಗೈಯಲ್ಲಿ ಒಂದು ಹಾಡು ಒತ್ತಿದರು. ಹಾಡು ಬಂತು. ಆದರೆ ಫಾದರ್ ಮುಖ ಅರಳಲಿಲ್ಲ.

"ಚೆನ್ನಾಗಿದೆ ಲಾರೆನ್ಸ್, ಆದರೆ ನಾಯಿ ಮಲಗಿಬಿಟ್ಟಿದೆ" ಅಂದರು ಇಂಗ್ಲಿಷಿನಲ್ಲಿ. ಒಂದು ತಂತಿಯ ಕೆಳಗೆ ಸಡಿಲವಾಗಿ ಕೂತ ಚಿಕ್ಕ ಮರದ ತುಂಡನ್ನು ತೋರಿಸಿದರು. ಅದಕ್ಕೆ ಅವರ ಊರಿನಲ್ಲಿ ನಾಯಿ ಅಂತಲೇ ಹೆಸರು. ತಿರುಗಿಸುವವನು ಮಣಿಕಟ್ಟಿನಿಂದ ಚಕ್ಕನೆ ಜಟ್ಕಾ ಕೊಟ್ಟರೆ ಆ ತುಂಡು ಕುಪ್ಪಳಿಸಿ ಗುರ್ರೆನ್ನುತ್ತದೆ, ಅದೇ ತಾಳ. ಮೋಟಾರು ಒಂದೇ ಸಮ ತಿರುಗುತ್ತದೆ, ಅದಕ್ಕೆ ಮಣಿಕಟ್ಟು ಇಲ್ಲ.

ಲಾರೆನ್ಸ್ ಮೋಟಾರನ್ನು ಬಿಚ್ಚಿ ಕೆಳಗಿಟ್ಟರು. ಆಮೇಲೆ ಫಾದರ್ ಅಂದರು: "ಮೊಟ್ಟಮೊದಲು, ಮಠಗಳಲ್ಲಿ ಇದು ಎಷ್ಟು ದೊಡ್ಡದಿತ್ತು ಅಂದರೆ ಇಬ್ಬರು ಬೇಕಾಗಿತ್ತು. ಇಬ್ಬರ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಒಬ್ಬ ತಿರುಗಿಸುತ್ತಿದ್ದ, ಒಬ್ಬ ಬಾರಿಸುತ್ತಿದ್ದ. ಲಾರೆನ್ಸ್, ನನ್ನ ಪಕ್ಕ ಕೂತುಕೋ."

ಲಾರೆನ್ಸ್ ಎದ್ದು ನಿಂತುಬಿಟ್ಟರು. "ನಾನಾ? ಬೇಡ ಫಾದರ್! ಟೀಚರ್ ಇದ್ದಾರಲ್ಲ!"

ಹೆಲನ್ ನಗು ತಡೆಯಲಾರದೆ ನನ್ನ ಕಿವಿಯಲ್ಲಿ ಹೇಳಿದರು. "ಇವರು ಚರ್ಚಿನಲ್ಲಿ ಹಾಡುವ ಕಾಯರಿಗೆ ಸೇರಿದ್ರು ಟೀಚರ್, ಒಂದು ಕ್ರಿಸ್‌ಮಸ್‌ಗೆ. ಲೀಡರ್ ಬಂದು, ನೀವು ಬಾಯಿ ಮಾತ್ರ ಆಡಿಸಿ, ದನಿ ಬೇಡ ಅಂದ್ರು. ಎರಡು ವರ್ಷ ಹಾಗೇ ನಿಂತ್ರು ಪಾಪ, ಸಂಗೀತ ಅಂದ್ರೆ ಅಷ್ಟು ಇಷ್ಟ. ಆಮೇಲೆ ಫ್ಯಾನ್ ರಿಪೇರಿ ಉಂಟು ಅಂತ ಹಿಂದೆ ಕೂತ್ಕೊಂಡ್ರು."

ನನ್ನಿಂದ ತಿರುಗಿಸಲು ಸಾಧ್ಯವಿತ್ತು, ನಿಜ. ಆದರೆ ಫಾದರ್ ಲಾರೆನ್ಸ್ ಅವರನ್ನೇ ನೋಡುತ್ತಿದ್ದರು. ನಾನು, "ನನ್ ಭುಜ ನೋಯ್ತಿದೆ" ಅಂತ ಹಸಿ ಸುಳ್ಳು ಹೇಳಿದೆ. ಲಾರೆನ್ಸ್ ಕೂತರು.

ಫಾದರ್ ಒಂದು ಕುಣಿತದ ಹಾಡು ಗುನುಗಿದರು. ನಾನು ತೊಡೆ ತಟ್ಟಿ ನೋಡಿದೆ. ಮೂರು ಮೂರರ ನಡೆ. "ಇದು ನಮ್ಮ ತಿಶ್ರವೇ! ತಕಿಟ, ತಕಿಟ ಅಂತ ಹೇಳ್ಕೊಳಿ. ತ ಅನ್ನೋ ಕಡೆ ಜಟ್ಕಾ ಕೊಡಿ" ಅಂದೆ. ಲಾರೆನ್ಸ್ ಕಣ್ಣು ಮುಚ್ಚಿ ಗೊಣಗಿದರು, ತಿರುಗಿಸಿದರು. ನಾಯಿ ಬೇಕಾದಾಗ ಬೊಗಳಲಿಲ್ಲ, ಬೇಡವಾದಾಗ ಬೊಗಳಿತು. ಒಂದು ಗಂಟೆ ಹೀಗೇ ಹೋಯಿತು. ನನ್ನ ಸಹನೆಯನ್ನು ನಾನೇ ಮೆಚ್ಚಿಕೊಂಡೆ. ಕೊನೆಗೆ ಅವರು ತಟ್ಟನೆ ಕಣ್ಣು ಬಿಟ್ಟರು. "ಟೀಚರ್, ವಾಲ್ವ್ ಸಡಿಲಾದ ಪಂಪಿನ ಸದ್ದು ಅಲ್ಲವಾ ಇದು? ಢಕ್-ಸುಸು, ಢಕ್-ಸುಸು! ಎಷ್ಟು ಪಂಪಿನಲ್ಲಿ ಇದನ್ನು ನಿಲ್ಲಿಸಿದ್ದೇನೆ ನಾನು!" ಅಂದವರೇ ಬೇಕೆಂದೇ ಆ ಕೆಟ್ಟ ಪಂಪನ್ನು ತಮ್ಮ ಮಣಿಕಟ್ಟಿನಲ್ಲಿ ತಂದರು. ನಾಯಿ ಸರಿಯಾದ ಜಾಗದಲ್ಲಿ ಗುರ್ರೆಂದಿತು. ಫಾದರ್ ಎಡಗೈಯಿಂದ ಅವರ ಬೆನ್ನಿಗೆ ಗುದ್ದಿದರು.

ಭಾನುವಾರ ಪೂಜೆ ಮುಗಿದು ಜನ ಚರ್ಚಿನ ಅಂಗಳದಲ್ಲಿ ಸೇರಿದರು. ನಾನೂ ತ್ರಿವಿಕ್ರಮರೂ ಮುಂದಿನ ಸಾಲಿನಲ್ಲಿ ಕೂತೆವು. ಪಿಲಾವು, ಚಪಾತಿ, ಹೆಲನ್ ಮಾಡಿದ ಕೋಳಿ ಸಾರು ಎಲ್ಲ ಮೇಜಿನ ಮೇಲೆ ಬಂದಿತ್ತು. ಒಂದೇ ಬೆಂಚಿನ ಮೇಲೆ ಫಾದರ್, ಪಕ್ಕದಲ್ಲಿ ಕೋಟು ಹಾಕಿದ ಲಾರೆನ್ಸ್, ಇಬ್ಬರ ತೊಡೆಗೂ ಅಡ್ಡವಾಗಿ ವಾದ್ಯ. ಇನ್ನೂರು ಜೊತೆ ಕಣ್ಣು ತಮ್ಮ ಮೇಲಿರುವುದನ್ನು ನೋಡಿ ಲಾರೆನ್ಸ್ ಕಲ್ಲಾದರು. ಹಿಡಿ ತಿರುಗಿತು, ಆದರೆ ಅದೇ ಮೋಟಾರಿನ ಹಾಗೆ, ಒಂದೇ ಸಮ. ಫಾದರ್ ಹಾಡು ಒತ್ತುತ್ತಿದ್ದರು, ನಾಯಿ ಸದ್ದೆತ್ತಲಿಲ್ಲ. ಜನ ಮರ್ಯಾದೆಗೆ ಸುಮ್ಮನಿದ್ದರು. ಹಿಂದೆ ಯಾರೋ ಕೆಮ್ಮಿದರು. ಫಾದರ್ ಮುಖ ಬಾಡುತ್ತಿರುವುದು ನನಗೆ ಕಂಡಿತು. ನನಗೆ ತಡೆಯಲಾಗಲಿಲ್ಲ.

"ಲಾರೆನ್ಸ್! ಪಂಪು! ತಕಿಟ!" ಅಂತ ಕಿರುಚಿದೆ. ತ್ರಿವಿಕ್ರಮ ನನ್ನ ಸೀರೆಯ ಸೆರಗು ಹಿಡಿದು ಎಳೆದರು. ನಾನು ಎದ್ದು ನಿಂತು ಜೋರಾಗಿ ಚಪ್ಪಾಳೆಯಲ್ಲೇ ತಾಳ ಹಾಕಿದೆ. ಹೆಲನ್ ಕೂಡ ಹಾಕಿದರು. ನನ್ನ ಹಿಂದಿನ ಸಾಲಿನ ಚರ್ಚಿನ ಮಾಮಾಗಳಿಗೆ, ಅಂದರೆ ಇಲ್ಲಿಯ ಹಿರಿಯ ಹೆಂಗಸರಿಗೆ, ಅಷ್ಟೇ ಸಾಕಾಯಿತು, ಅವರ ಚಪ್ಪಾಳೆ ನನ್ನದಕ್ಕಿಂತ ಗಟ್ಟಿ. ಲಾರೆನ್ಸ್ ಕಣ್ಣು ಮುಚ್ಚಿದರು, ತುಟಿ ಗೊಣಗಿತು, ಮಣಿಕಟ್ಟು ಚಿಮ್ಮಿತು.

ಗುರ್ರ್! ನಾಯಿ ಎದ್ದಿತು.

ಆಮೇಲೆ ಅಂಗಳವನ್ನು ಹಿಡಿಯುವವರಿರಲಿಲ್ಲ. ಮಾಮಾಗಳು ನಾಲಿಗೆ ಹೊರಳಿಸಿ ಕೇಕೆ ಹಾಕುತ್ತಾ ಎದ್ದರು, ಸೊಂಟ ಕುಣಿಸುತ್ತಾ ಬೆಂಚನ್ನು ಸುತ್ತಿದರು. ಕಾಯರಿನವರು ನಿಂತಲ್ಲೇ ಕಾಲು ಹಾಕಿದರು. ಫ್ರಾನ್ಸಿನ ಯಾವುದೋ ಹೊಲದ ಮದುವೆಯ ಹಾಡಿಗೆ ನೈರೋಬಿಯ ಅಜ್ಜಿಯರು ಇದು ತಮ್ಮದೇ ಎನ್ನುವಂತೆ ಕುಣಿದರು. ನನ್ನ ಗಂಡ ಕೂಡ ಕುಣಿದರು. ಹದಿನೇಳು ವರ್ಷದ ಸಂಸಾರದಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು. ಫಾದರ್ ಬಾಯಿ ತೆರೆದು ಗಟ್ಟಿಯಾಗಿ ನಗುತ್ತಿದ್ದರು, ಅರ್ಧ ಮುಖದ ನಗುವಾದರೂ ಎರಡೂ ಕಣ್ಣಿನಲ್ಲಿ ನೀರು.

ಹಾಡು ಮುಗಿದಾಗ ಫಾದರ್ ತಮ್ಮ ಎಡಗೈಯಿಂದ ಲಾರೆನ್ಸ್ ಅವರ ಬಲಗೈಯನ್ನು ಹಿಡಿದು, ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿದರು. ಉಗುರಿನ ಸಂದಿಯಲ್ಲಿ ಮೂವತ್ತೊಂದು ವರ್ಷದ ಕಪ್ಪು ಇದ್ದ ಕೈ ಅದು.

"ಇದು ನನ್ನ ಬಲಗೈ" ಅಂದರು ಸ್ವಾಹಿಲಿಯಲ್ಲಿ. "ಹೋದ ವರ್ಷ ಕಳೆದುಹೋಗಿತ್ತು. ಎಲ್ಲೆಲ್ಲೋ ಹುಡುಕಿದೆ. ಇವರ ಹತ್ತಿರ ಇತ್ತು."

ಅಂಗಳವೆಲ್ಲ ನಕ್ಕಿತು. ಲಾರೆನ್ಸ್ ನಗಲಿಲ್ಲ. ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡರು, ಮೂಗು ಒರೆಸಿಕೊಂಡರು. ಕೊನೆಗೆ ಹಿಡಿಯನ್ನು ಮತ್ತೆ ಹಿಡಿದುಕೊಂಡರು.

"ಇನ್ನೊಮ್ಮೆ ಬಾರಿಸಿ ಫಾದರ್. ನಾನು ತಿರುಗಿಸ್ತೇನೆ."

ಅದೇ ಹಾಡನ್ನು ಅವರು ಏಳು ಸಲ ಬಾರಿಸಿದರು. ಊಟ ಪೂರ್ತಿ ತಣ್ಣಗಾಯಿತು, ಬುಧವಾರದ ವಿಮಾನದ ಮಾತನ್ನು ಯಾರೂ ಎತ್ತಲಿಲ್ಲ.